ಅಕ್ಕನ ಕಿತ್ತಳೆ ಜಗ್ಗು

ನವೆಂಬರ್ ೧೪, ಗುರುವಾರ

ಅಕ್ಕ ಹುಡುಕಿ ಹುಡುಕಿ ಕೂಡಿಹಾಕಿದ ಹಳೆಯ ಸ್ವೀಡನ್ ಪಿಂಗಾಣಿಯಲ್ಲಿ ಆ ಕಿತ್ತಳೆ ಬಣ್ಣದ ಜಗ್ಗು ಅವಳಿಗೆ ಪ್ರಾಣ. ಇವತ್ತು ತೊಳೆಯುವಾಗ ನೋಡಿದೆ. ಹೊರಮೈ ಇನ್ನೂ ಮಿರಮಿರ ಮಿಂಚುತ್ತಿದೆ. ಒಳಗೆ, ನಿಂಬೆರಸ ನಿಲ್ಲುವಷ್ಟು ಎತ್ತರಕ್ಕೆ, ಹೊಳಪೆಲ್ಲ ಹೋಗಿ ಸುಣ್ಣದ ಗೋಡೆಯ ಹಾಗೆ ತರಿತರಿಯಾಗಿದೆ.

ಮಾರಿದವನ ಅಂಗಡಿಗೇ ಒಯ್ದು ತೋರಿಸಿದೆ. ಅವನ ನಗು ನಿಂತುಹೋಯಿತು.

"ಇದ್ರಲ್ಲಿ ಹುಳಿ ಹಾಕಿಡ್ತಾರೇನೋ? ಆಗಿನ ಕೆಲವು ಬಣ್ಣದಲ್ಲಿ ಸೀಸ ಇರುತ್ತೆ ಕಣಪ್ಪ, ಹುಳಿಗೆ ಕರಗೋ ವಿಷ ಅದು. ನಾನು ಕೊಟ್ಟಿದ್ದು ಶೋಕೇಸಿಗೆ."

ಅಕ್ಕ ತುಂಬು ಬಸುರಿ. ಹುಳಿ ಬಿಟ್ಟು ಬೇರೇನೂ ಅವಳಿಗೆ ಸೇರುತ್ತಿಲ್ಲ. ಬಂದು ಹೇಳಿದರೆ ನಕ್ಕಳು.

"ಸ್ಕೂಲಿಗೆ ಸಲಾಂ ಹೊಡೆದ ವಿಜ್ಞಾನಿಗಳು ಬಂದ್ರಪ್ಪಾ! ಇದನ್ನ ಮಾಡಿದ ಪುಣ್ಯಾತ್ಮ ಊಟದ ಮೇಜಿಗೆ ಅಂತಲೇ ಮಾಡಿದ್ದು ಕಣೋ, ಬೀರುವಿಗಲ್ಲ." ಎನ್ನುತ್ತಲೇ ಜಗ್ಗಿಗೆ ಮತ್ತೆ ನಿಂಬೆರಸ ತುಂಬಿ ಫ್ರಿಜ್ಜಿನಲ್ಲಿಟ್ಟಳು.

ಆ ಹೊಳಪು ಕರಗಿ ಎಲ್ಲಿಗೆ ಹೋಯಿತು? ಅದೊಂದೇ ತಲೆಯಲ್ಲಿ ಕೊರೆಯುತ್ತಿದೆ. ಕೈಜಾರಿ ಬಿತ್ತು ಎಂದು ಒಡೆದುಹಾಕಬಹುದಿತ್ತು, ಆದರೆ ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ. ಒಡೆದು ನಿಜ ಹೇಳಿದರೆ ಅವಳು ಮತ್ತೆಂದೂ ನನ್ನ ಮುಖ ನೋಡಲಿಕ್ಕಿಲ್ಲ.

ಈಗ ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು. ಅವಳೇ. ನನ್ನ ಮುಖ ನೋಡದಿದ್ದರೆ ಬೇಡ. ಒಡೆದೇಬಿಡುತ್ತೇನೆ, ಬೇಕೆಂದೇ ಒಡೆದೆ ಅಂತ ಅವಳ ಎದುರೇ ನಿಂತು—