ಅಕ್ಕನ ವಿಮಾನ, ನನ್ನ ಬಸ್ಸು

ಅಮ್ಮಾ,

ಹಾಲು ಕಾಯಿಸಿಟ್ಟಿದ್ದೇನೆ. ಎದ್ದ ಕೂಡಲೇ ತಿಂಡಿ ತಿಂದು ಮಾತ್ರೆ ನುಂಗು.

ಅಕ್ಕನ ವಿಮಾನ ಎಂಟಕ್ಕೆ ಹೊರಡುತ್ತದೆ. ಆರುನೂರು ಕಿಲೋಮೀಟರು, ಒಂದೇ ಗಂಟೆಯ ದಾರಿ. ಅಷ್ಟು ಹೊತ್ತೂ ಫೋನಿನ ನಕ್ಷೆಯಲ್ಲಿ ತೆವಳುವ ಆ ಪುಟಾಣಿ ವಿಮಾನಕ್ಕೆ "ಮೆಲ್ಲಗೆ ಹೋಗಪ್ಪಾ, ಮುಂದೆ ಮೋಡ ಇದೆ" ಎಂದು ಬುದ್ಧಿ ಹೇಳುತ್ತ ಕೂರಬೇಡ. ಅದಕ್ಕೆ ರೆಕ್ಕೆ ಇದೆ, ಕಿವಿ ಇಲ್ಲ. ಹೋದ ವಾರ ಹೀಗೇ ನೀನು ಹಾಲು ಉಕ್ಕಿಸಿದೆ.

ನಾನೂ ದಿನಾ ಪ್ರಯಾಣ ಮಾಡುತ್ತೇನಮ್ಮಾ. ಇಪ್ಪತ್ತೆರಡು ಕಿಲೋಮೀಟರಿಗೆ ಎರಡು ಗಂಟೆ, ಅದೂ ಒಂಟಿಕಾಲಲ್ಲಿ. "ಮಾನ್ಯ ಪ್ರಯಾಣಿಕರೇ, ನಿಮ್ಮ ಎಡಕ್ಕೆ ಕಾಣುತ್ತಿರುವುದು ಪಕ್ಕದವರ ಕಂಕುಳು" ಎಂದು ಗಗನಸಖಿಯ ದನಿಯಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಾರಾಟ ಅವಳದು, ಹೋರಾಟ ನನ್ನದು. ಸಂಜೆ ಸುಸ್ತಾಗಿ ಬಂದರೆ ನೀನು ಬಾಗಿಲಲ್ಲೇ ಕೇಳುವುದು, "ಅಕ್ಕ ಫೋನ್ ಮಾಡಿದ್ಲೇನೇ?"

ಹೊಟ್ಟೆಕಿಚ್ಚು ಅಂತೀಯಾ? ಹೌದು, ಧಗಧಗ ಉರಿಯುತ್ತಿದೆ.

ನಿನ್ನ ಫೋನಿನ ನಕ್ಷೆಗೆ ನನ್ನನ್ನೂ ಸೇರಿಸಿದ್ದೇನೆ. ಹಸಿರು ಚುಕ್ಕೆ ನಾನು. ಸಿಗ್ನಲ್ಲಿಗೊಮ್ಮೆ ನಿಲ್ಲುತ್ತದೆ, ಗಾಬರಿಯಾಗಬೇಡ. ಅಕ್ಕ ಇಳಿದಾಗಲೂ ನಾನಿನ್ನೂ ಬಸ್ಸಿನಲ್ಲೇ ಇರುತ್ತೇನೆ.

ಆಗಲೇ ಫೋನು ಮಗುಚಿಡಬೇಡ.