ಉಪ್ಪಿಟ್ಟು ತಿಂದ ಕೈ

೧೪ ಅಕ್ಟೋಬರ್ ೧೯೯೮, ಬುಧವಾರ
ರಾಜಗೋಪಾಲನಗರ

ಉಪ್ಪಿಟ್ಟಿನ ಹೆಸರು ಕೇಳಿದರೇ ಹೇಸಿಗೆಯಾಗುತ್ತಿದೆ.

ಆಪರೇಷನ್ ಮಾಡಿ ನನ್ನ ಅರ್ಧ ಮಂಡಿ ಬದಲಿಸಿ ಮನೆಗೆ ಕಳಿಸುವಾಗ ಡಾಕ್ಟರು ಕೇಳಿದ್ದರು, ವ್ಯಾಯಾಮಕ್ಕೆ ಆಸ್ಪತ್ರೆಗೆ ಬರುತ್ತೀರೋ, ಮನೆಗೇ ಜನ ಕಳಿಸಬೇಕೋ ಎಂದು. ಪೀಣ್ಯದ ರಸ್ತೆಗುಂಡಿಗಳಲ್ಲಿ ಆಟೋದ ಕುಲುಕಾಟ ಬೇಡ, ಮನೆಗೇ ಬರಲಿ ಎಂದಳು ನನ್ನ ಹೆಂಡತಿ ನೀಲಮ್ಮ. ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಈರೇಶ ಎಂಬವನು ಬರತೊಡಗಿದ.

ನಮ್ಮ ರಾಣೆಬೆನ್ನೂರಿನ ಕಡೆ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? ಅವನು ಮಂಡಿ ಮುಟ್ಟುವ ಮೊದಲೇ ಉಪ್ಪಿಟ್ಟಿನ ತಟ್ಟೆ ಬರುತ್ತದೆ. ತಿಂದು, ತುಪ್ಪದ ಜಿಡ್ಡು ಹೋಗದ ಬೆರಳುಗಳಿಂದ ನನ್ನ ಕಾಲು ಮಡಿಸುತ್ತಾನೆ. ನಾನು ಸ್ವಲ್ಪ ನರಳಿದರೆ ಸಾಕು, ಬಾಗಿಲಲ್ಲಿ ನಿಂತ ನೀಲಮ್ಮ, "ಪಾಪ, ಸಾಕ್ ಬಿಡ್ರೀ" ಎನ್ನುತ್ತಾಳೆ. "ಆಯ್ತಮ್ಮಾ, ನಾಳೆ ನೋಡೋಣ" ಎಂದು ಅವನು ಎದ್ದುಬಿಡುತ್ತಾನೆ. ಅವಳ ಕೈಯ ಉಪ್ಪಿಟ್ಟು ತಿಂದು ಅವಳ ಗಂಡನನ್ನು ನೋಯಿಸುವುದು ಹೇಗೆ? ಮಂಡಿ ಕೊರಡಾಗಿದೆ.

ಇವತ್ತು ಅವನಿಗೆ ರಜೆ. ನಾನೇ ಆಸ್ಪತ್ರೆಗೆ ಹೋದೆ. ಒದ್ದೆ ಟವೆಲಿನ ನಾತ, ಯಾರದೋ ಕೂದಲು ಅಂಟಿದ ಮಂಚ. ಅಲ್ಲಿ ವ್ಯಾಯಾಮ ಮಾಡಿಸುವ ಹೆಂಗಸು ನನ್ನ ಹೆಸರನ್ನೂ ಕೇಳಲಿಲ್ಲ. "ಕೂಗ್ಕೊಳಿ ಸಾರ್, ನಾನಂತೂ ಬಿಡಲ್ಲ" ಎಂದು ಮಡಿಸಿದಳು. ಕೂಗಿದೆ. ಮಂಡಿ ಬಾಗಿತು. ಸಂಜೆ ಕೂತಾಗ ಹಿಮ್ಮಡಿ ಮೊದಲ ಸಲ ಕುರ್ಚಿಯಡಿಗೆ ಹೋಯಿತು.

ಊಟದ ಹೊತ್ತಿಗೆ, "ಇನ್ಮೇಲೆ ಅಲ್ಲಿಗೇ ಹೋಗ್ತೀನಿ" ಎಂದೆ.

"ಈರೇಶ ಏನ್ ತಿಳ್ಕಂತಾನ್ರೀ? ಮನಿ ಮಗನಂಗ ಆಗ್ಯಾನ" ಎಂದಳು ನೀಲಮ್ಮ.

ಸರಿ, ಅವನೇ ಬರಲಿ ಎಂದುಬಿಟ್ಟೆ. ಅದಕ್ಕೇ ನನ್ನ ಮೇಲೇ ಹೇಸಿಗೆ. ಅವಳು ಈಗಲೇ ನಾಳೆಗೆಂದು ರವೆ ಹುರಿಯುತ್ತಿದ್ದಾಳೆ. ವಾಸನೆ ಇಲ್ಲಿಯತನಕ ಬರುತ್ತಿದೆ, ಮಂಡಿ ಆಗಲೇ ಬಿಗಿಯತೊಡಗಿದೆ.