ಮೊದಲು ನೆರೆ ನೋಡು

ಅದೇ ಬಾಡಿಗೆ ಮನೆ, ಅದೇ ಮೂರನೇ ಮಹಡಿ
ಹನ್ನೆರಡನೇ ತಾರೀಕು, ಭಾನುವಾರ

ನನ್ನ ದೊರೆಯೇ,

ಹೇಗಿದ್ದೀಯಪ್ಪಾ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ, ಇಲ್ಲ ಹಿಂದಿನ ಸಲದ ಹಾಗೆ ಅರ್ಧ ಆಳಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತೀಯಾ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಎಂದಿನಂತೆ ಗೊಣಗುತ್ತದೆ, ನಾನು ಎಂದಿನಂತೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಫೋನಿನಲ್ಲಿ ನೀನು ಹಲೋ ಹಲೋ ಅನ್ನುವಷ್ಟರಲ್ಲಿ ಲೈನು ಹೋಗಿಬಿಡುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು. ಮೊದಲ ಸಾಲು, ಕೊನೆಯ ಸಾಲು ಓದಿ ಮಡಿಸಿಡುವ ನಿಮ್ಮಪ್ಪನ ಚಾಳಿ ನಿನಗೂ ಬಂದಿದೆ ಎಂದು ನನಗೆ ಗೊತ್ತು.

ನಿನ್ನ ಮಗಳು, ನಮ್ಮ ಚೋಟು ಮೆಣಸಿನಕಾಯಿ, ಈಗ ಭಾರವಾಗಿದ್ದಾಳೆ. ಏಳು ತುಂಬಿತಲ್ಲ. ನಿನ್ನ ಹೆಂಡತಿ ಬೆಳಿಗ್ಗೆ ಅವಳನ್ನು ಸೊಂಟಕ್ಕೇರಿಸಿಕೊಂಡು, ಅವಳ ಎರಡು ಊರುಗೋಲನ್ನೂ ಕಂಕುಳಲ್ಲಿ ಅವುಚಿಕೊಂಡು ಮೂರು ಮಹಡಿ ಇಳಿಯುತ್ತಾಳೆ. ಶಾಲೆ ಬಿಟ್ಟ ಮೇಲೆ ಹಾಗೆಯೇ ಹತ್ತುತ್ತಾಳೆ. ಆಮೇಲೆ ಚೋಟು ಕಿಟಕಿಗೆ ಗಲ್ಲ ಒತ್ತಿಕೊಂಡು ಕೂರುತ್ತಾಳೆ. ಕೆಳಗೆ ಮಕ್ಕಳು ಆಡುವ ಆಟಕ್ಕೆ ಮೇಲಿನಿಂದಲೇ ತೀರ್ಪು ಕೂಗುತ್ತಾಳೆ, "ಏಯ್, ಅವನು ಔಟು!" ಅಂತ. ಮೊನ್ನೆ ನನ್ನನ್ನು ಕೇಳಿದಳು, "ಅಜ್ಜೀ, ನಾನು ದೊಡ್ಡೋಳಾಗಿ ಅಮ್ಮನ ಕೈಲಿ ಎತ್ತೋಕಾಗ್ದೇ ಇದ್ರೆ, ನಾನು ಇಲ್ಲೇ ಇರ್ಬೇಕಾ?" ಯಾರ ಸೊಂಟದ ಹಂಗೂ ಇಲ್ಲದೆ ಅವಳು ತಾನೇ ಹೊರಗೆ ಹೋಗಿಬರಬಲ್ಲ ಮನೆ ಬೇಕು, ಉಳಿದದ್ದು ಇದ್ದರೂ ಸರಿ ಇಲ್ಲದಿದ್ದರೂ ಸರಿ, ಎಂದು ಅವತ್ತೇ ನಿಶ್ಚಯ ಮಾಡಿದೆ.

ಬ್ರೋಕರ್ ಕೊಟ್ಟ ಆ ನೀಲಿ ಬಾಗಿಲಿನ ಮನೆಯ ಫೋಟೋ ನೋಡಿ ನೀನೂ ನಿನ್ನ ಹೆಂಡತಿಯೂ ಮನಸೋತಿರಿ. ಸುಳ್ಳೇಕೆ ಹೇಳಲಿ, ನಾನೂ ಸೋತೆ. ನೆಲಮಹಡಿ, ಹೊಸಿಲಿನ ಕಾಟವಿಲ್ಲ, ಬೀದಿಯಿಂದ ನೇರ ಒಳಗೆ. ದೊಡ್ಡ ದೊಡ್ಡ ಕೋಣೆ, ಹೊಸ ಬಣ್ಣ. ನೀನು ಮಾತ್ರ ಕಾಗದದ ಕೊನೆಯಲ್ಲಿ ಒಂದು ಸಾಲು ಗೀಚಿದ್ದೆ: "ಅಮ್ಮಾ, ಮನೆ ಆಮೇಲೆ. ಮೊದಲು ನೆರೆ ನೋಡು." ಎಂಥ ಬುದ್ಧಿವಂತನನ್ನು ಹೆತ್ತೆ ಎಂದು ಹಿಗ್ಗಿದೆ. ಮನೆ ಎಷ್ಟು ಚೆನ್ನಾಗಿದ್ದರೇನು, ಪಕ್ಕದವರು ಮುಖ ಗಂಟು ಹಾಕಿಕೊಂಡಿದ್ದರೆ ತುತ್ತು ಇಳಿಯುತ್ತದೆಯೇ? ಜನರನ್ನು ನೋಡುವುದನ್ನಂತೂ ನನಗೆ ಯಾರೂ ಕಲಿಸಬೇಕಾಗಿಲ್ಲ. ಆಯಸ್ಸೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಚಿಲ್ಲರೆ ಕೇಳುವ ಧಾಟಿಯಲ್ಲೇ ಆಳು ಎಂಥವನೆಂದು ಹೇಳಿಬಿಡುತ್ತೇನೆ.

ಬ್ರೋಕರನ ಬೆನ್ನು ಹಿಡಿದು ಹೋದರೆ ಅವನು ತೋರಿಸಿದ್ದಷ್ಟೇ ಕಾಣುತ್ತದೆ. ಅದಕ್ಕೇ ಒಬ್ಬಳೇ ಹೋದೆ. ಬೀದಿಯ ಮೇಲ್ತುದಿಯಲ್ಲಿ ಒಂದು ಬೇಕರಿ. ಅಲ್ಲಿಂದ ರಸ್ತೆ ಮೆಲ್ಲಗೆ ಇಳಿಯುತ್ತಾ ಕಾಲುವೆಯ ತನಕ ಹೋಗುತ್ತದೆ. ನೀಲಿ ಬಾಗಿಲು ಕೆಳತುದಿಯಲ್ಲಿ, ಅದರ ಪಕ್ಕದಲ್ಲೇ ಒಬ್ಬ ದರ್ಜಿಯ ಅಂಗಡಿ. ಅಂಗಡಿ ನೋಡಿ ನನಗೆ ಬಹಳ ಮೆಚ್ಚುಗೆಯಾಯಿತು. ಬಟ್ಟೆಯೆಲ್ಲ ಅಟ್ಟದ ಮೇಲೆ, ಹೊಲಿಗೆ ಯಂತ್ರ ಇಟ್ಟಿಗೆಯ ಕಟ್ಟೆಯ ಮೇಲೆ, ಕರೆಂಟಿನ ಸ್ವಿಚ್ಚು ನನ್ನ ತಲೆಗಿಂತ ಎತ್ತರದಲ್ಲಿ. ಮಕ್ಕಳಿರುವ ಬೀದಿ, ಜಾಗ್ರತೆ ಮಾಡಿದ್ದಾನೆ ಎಂದುಕೊಂಡೆ. ಗೋಡೆಯ ಮೊಳೆಗಳಿಗೆ ಸಾಲಾಗಿ ಬೀಗದ ಕೈಗಳು ತೂಗುತ್ತಿದ್ದವು. ಎದುರು ಮನೆಯದು, ಪಕ್ಕದ ಮನೆಯದು, ಮಹಡಿ ಮನೆಯದು. ಬೀಗದ ಕೈ ಕೊಡುವಷ್ಟು ನಂಬಿಕೆ! ಸಂತೋಷ ತಡೆಯಲಾರದೆ ಕೇಳಿಯೇಬಿಟ್ಟೆ, "ಇಲ್ಲಿ ನೆರೆ ಹೇಗಪ್ಪಾ?"

ಅವನು ಕತ್ತರಿ ಕೆಳಗಿಟ್ಟ. "ನೆರೆ ವಿಷಯ ಕೇಳ್ಬೇಡಿ ಅಮ್ಮಾ. ಹೇಳ್ದೆ ಕೇಳ್ದೆ ಸೀದಾ ಅಡುಗೆಮನೆಗೇ ಬಂದ್ಬಿಡುತ್ತೆ" ಅಂದ. ಆಹಾ, ಅಷ್ಟೊಂದು ಬಳಕೆ! "ಬಂದ್ರೆ ಎರಡು ದಿನ ಇದ್ದೇ ಹೋಗೋದು" ಅಂದ. "ಬರಲಿ ಬಿಡಪ್ಪಾ, ನಮ್ಮನೆಗೂ ಬರಲಿ, ಇನ್ನೆರಡು ದಿನ ಹೆಚ್ಚೇ ಇರಲಿ, ನಮಗೂ ಹೊತ್ತು ಹೋಗುತ್ತೆ" ಅಂದೆ ನಾನು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೂರಿಸಿ, ಕುಡಿಯಲು ನೀರು ಕೊಟ್ಟ. ಎಂಥ ಉಪಚಾರ ಎಂದು ಅದನ್ನೂ ಮೆಚ್ಚಿಕೊಂಡು ಬಂದೆ.

ಮರುದಿನ ನಿನ್ನ ಹೆಂಡತಿಯನ್ನೂ ಚೋಟುವನ್ನೂ ಕರೆದುಕೊಂಡು ಹೋದೆ. ದರ್ಜಿಯ ಬಾಗಿಲಿನ ಕಂಬದ ಮೇಲೆ ಪೆನ್ಸಿಲಿನ ಗೆರೆಗಳು, ಪಕ್ಕದಲ್ಲಿ ಇಸವಿ. ನಿನ್ನನ್ನು ನಾನು ಗೋಡೆಗೆ ನಿಲ್ಲಿಸಿ ಅಳೆಯುತ್ತಿದ್ದೆನಲ್ಲ, ಹಾಗೇ. ಚೋಟುವನ್ನು ಎಲ್ಲಕ್ಕಿಂತ ಮೇಲಿನ ಗೆರೆಯ ಪಕ್ಕ ನಿಲ್ಲಿಸಿದೆ. ಸರಿಯಾಗಿ ಅವಳ ಗಲ್ಲಕ್ಕೆ ಬಂತು. "ಯಾರ ಮಗು ಇದು? ವರ್ಷ ವರ್ಷಕ್ಕೂ ಎಷ್ಟು ಚೆನ್ನಾಗಿ ಬೆಳೆದಿದೆ!" ಅಂದೆ. ದರ್ಜಿಯ ಮುಖ ಸಣ್ಣಗಾಯಿತು. "ಅದು ಮಗು ಅಲ್ಲಮ್ಮಾ, ನೀರು. ಹೋದ ವರ್ಷದ ನೆರೆ" ಅಂದ.

ನಾನು ಹುಟ್ಟಿ ಬೆಳೆದದ್ದು ಗುಡ್ಡದ ಮೇಲೆ. ಅಲ್ಲಿ ನೀರನ್ನು ನಾವು ಹೊತ್ತು ತಂದರೆ ಉಂಟು, ಅದು ತಾನಾಗಿ ನಮ್ಮನ್ನು ಹುಡುಕಿಕೊಂಡು ಬಂದದ್ದಿಲ್ಲ. ನೀರಿನ ಮೇಲೇ ಬದುಕುವ ಮಗ ನೆರೆ ಎಂದು ಬರೆದರೆ ಯಾವ ನೆರೆ ಎಂದು ಹೊಳೆಯಬೇಡವೇ? ತಲೆ ಪೂರ್ತಿ ನೆರೆತರೂ ಬುದ್ಧಿ ಬರಲಿಲ್ಲ ನೋಡು ನಿಮ್ಮಮ್ಮನಿಗೆ. ಈಗ ನಗು ಬರುತ್ತದೆ, ಆಗ ಬರಲಿಲ್ಲ. ಆ ಗೆರೆ, ಅದರ ಪಕ್ಕ ಊರುಗೋಲು ಊರಿ ನಿಂತ ಕೂಸು. ಓಡಲಾರದ ಮಗುವನ್ನು ತಂದು ಆ ಗೆರೆಯ ಕೆಳಗೆ ಮಲಗಿಸಲು ಹೊರಟಿದ್ದೆನಲ್ಲ! ನಿನ್ನ ಹೆಂಡತಿ ಚೋಟುವನ್ನು ಎತ್ತಿಕೊಂಡಳು. ಕೆಳಗಿಳಿಸು ಎಂದು ನಾನೂ ಹೇಳಲಿಲ್ಲ.

ಅಷ್ಟರಲ್ಲಿ ಬ್ರೋಕರ್ ಹಲ್ಲು ಕಿರಿಯುತ್ತಾ ಬಂದ. ನೀಲಿ ಬಾಗಿಲಿನ ಒಳಗೆ ಹೋಗಿ ಈ ಸಲ ಕಣ್ಣು ತೆರೆದು ನೋಡಿದೆ. ಹೊಸ ಬಣ್ಣ ನೆಲದಿಂದ ಗೋಡೆಯ ಅರ್ಧಕ್ಕೇ ನಿಂತಿತ್ತು. "ಇದೇನಪ್ಪಾ ಅರ್ಧಂಬರ್ಧ?" ಅಂದರೆ "ಈಗ ಅದೇ ಫ್ಯಾಷನ್ ಅಮ್ಮಾ" ಅಂದ. "ಕಾಲುವೆಗೂ ಅದೇ ಫ್ಯಾಷನ್ ಇಷ್ಟವಾಗಿದೆ, ಪಕ್ಕದ ಅಂಗಡಿಯಲ್ಲಿ ಅಳತೆ ಕೊಟ್ಟು ಹೋಗಿದೆ ನೋಡು" ಎಂದು ಹೇಳಿ ಹೊರಗೆ ಬಂದೆ. ಆ ಮನೆಯ ಕಥೆ ಮುಗಿಯಿತು. ನೀನು ಇನ್ನು ಆ ಫೋಟೋ ತೆಗೆದು ನೋಡಬೇಡ.

ಆದರೆ ಆ ಬೀದಿಯನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಬೀಗದ ಕೈಗಳ ಗುಟ್ಟನ್ನು ದರ್ಜಿಯೇ ಹೇಳಿದ. ನೀರು ಏರತೊಡಗಿದಾಗ ಮನೆಯಲ್ಲಿ ಯಾರಿರುತ್ತಾರೋ ಅವರು ಉಳಿದವರ ಬಾಗಿಲು ತೆರೆದು ಹಾಸಿಗೆ, ಪಾತ್ರೆ, ಮುದುಕರು, ಎಲ್ಲವನ್ನೂ ಮೇಲಕ್ಕೆ ಸಾಗಿಸುತ್ತಾರಂತೆ. ಆ ನೆರೆ ಬಂದು ಬಂದೇ ಈ ನೆರೆ ಗಟ್ಟಿಯಾದದ್ದು. ತನ್ನ ಪಕ್ಕದ ಮನೆ ಖಾಲಿ ಬಿದ್ದರೂ ಪರವಾಗಿಲ್ಲ ಎಂದು ನಿಜ ಹೇಳಿದವನು ಅವನು. ಹಾಗಾಗಿ ಕೇಳಿದೆ, ನೀರು ಎಲ್ಲಿಯವರೆಗೆ ಬರುತ್ತದೆ ಎಂದು. "ಬೇಕರಿ ಕಡೆಗೆ ಅರ್ಧ ದಾರೀನೂ ಹತ್ತಿದ್ದಿಲ್ಲ" ಅಂದ. ಒಬ್ಬರ ಮಾತಿಗೆ ರೈಟ್ ಅನ್ನುವವಳಲ್ಲ ನಾನು. ಬೀದಿಯುದ್ದಕ್ಕೂ ಮನೆಮನೆಯಲ್ಲಿ ಕೇಳಿದೆ, ಕಂಬಕಂಬ ನೋಡಿದೆ. ಅವನು ಹೇಳಿದ್ದು ನಿಜ. ಮೇಲಿನ ಅರ್ಧದಲ್ಲಿ ಸ್ವಿಚ್ಚುಗಳೆಲ್ಲ ಸ್ವಿಚ್ಚುಗಳಿರಬೇಕಾದ ಜಾಗದಲ್ಲೇ ಇವೆ.

ಬೇಕರಿಯವನ ಅಕ್ಕನ ಮನೆ ಬೇಕರಿಯ ಬೆನ್ನಿಗೇ ಇದೆ. ಅವರು ಮಗಳ ಊರಿಗೆ ಹೋಗುತ್ತಿದ್ದಾರೆ, ಮನೆ ಕೊಡುತ್ತಾರಂತೆ. ಅದರ ದೋಷವನ್ನು ಬೇರೆಯವರ ಬಾಯಲ್ಲಿ ಕೇಳುವ ಮೊದಲು ನನ್ನಿಂದಲೇ ಕೇಳು. ಎರಡೇ ಕೋಣೆ. ಅಡುಗೆಮನೆಯಲ್ಲಿ ಹಗಲೂ ದೀಪ ಬೇಕು. ಒಂದು ಗೋಡೆ ಒಲೆಯ ಕಾವಿಗೆ ಸದಾ ಬೆಚ್ಚಗೆ. ಬೆಳಕು ಹರಿಯುವ ಮೊದಲೇ ತಗಡಿನ ತಟ್ಟೆಗಳ ಸದ್ದು ಶುರು. ನಿನ್ನ ಹೆಂಡತಿಗೆ ತನ್ನ ತವರಿನ ಬೀರು ಎಲ್ಲಿಡುವುದೆಂಬ ಚಿಂತೆ, ಬಾಯಿ ಊದಿಸಿಕೊಂಡಿದ್ದಾಳೆ. ಆದರೆ ಬಾಗಿಲ ಮುಂದೆ ಮೆಟ್ಟಿಲ ಬದಲು ಸಿಮೆಂಟಿನ ಇಳಿಜಾರಿದೆ, ಹಿಟ್ಟಿನ ಮೂಟೆಯ ಕೈಗಾಡಿ ಹತ್ತಿಸಲು ಮಾಡಿದ್ದು. ಮೂಟೆ ಹತ್ತುವ ಕಡೆ ಚೋಟು ಹತ್ತಳೇ? ಶಾಲೆಯೂ ಅದೇ ರಸ್ತೆಯ ತಿರುವಿನಲ್ಲಿದೆ. ನಾನು ಮನಸ್ಸು ಮಾಡಿಯಾಗಿದೆ. ನೀನು ಒಪ್ಪಿಗೆ ಕಳಿಸು. ಬೇಡ ಅನ್ನುವುದಾದರೆ ಕಾರಣ ಬರೆ, ಆದರೆ ಮನೆ ಚಿಕ್ಕದು ಅನ್ನುವುದು ಕಾರಣವಲ್ಲ.

ಹೊತ್ತು ಹೊತ್ತಿಗೆ ಉಣ್ಣು, ಕಣ್ತುಂಬ ನಿದ್ದೆ ಮಾಡು. ನೀನಿರುವ ನೀರು ನಿನ್ನನ್ನು ತಣ್ಣಗೆ ಕಾಯಲಿ, ಹೋದ ಹಾಗೇ ತಿರುಗಿ ತಂದು ಬಿಡಲಿ. ನಿನ್ನ ಹೆಂಡತಿ ಬೇರೆ ಬರೆಯುತ್ತಾಳಂತೆ. ಅದರಲ್ಲಿ ಬೀರುವಿನ ದೂರು ಇರುತ್ತದೆ, ನಂಬಬೇಡ.

ಇಂತಿ,
ನಿನ್ನ ಹಟಮಾರಿ ಅಮ್ಮ

ಲಕೋಟೆ ಅಂಟಿಸುವ ಮೊದಲು ನೆನಪಾಯಿತು: ನಿನ್ನೆ ಆ ಬೇಕರಿ ಹಿಂದಿನ ಮನೆಯಲ್ಲಿ ನಾವು ಅತ್ತೆ ಸೊಸೆ ಬೀರುವಿಗಾಗಿ ಜಗಳವಾಡಿ ತಿರುಗಿ ನೋಡಿದರೆ ಚೋಟು ಇಲ್ಲ. ಎರಡು ಕೋಣೆಯಲ್ಲೂ ಇಲ್ಲ, ಬಚ್ಚಲಲ್ಲೂ ಇಲ್ಲ. ಇಬ್ಬರೂ ಹೊರಗೆ ಓಡಿದೆವು. ತಾನೇ ಇಳಿಜಾರು ಇಳಿದು, ಬೇಕರಿಯ ಮುಂದೆ ಊರುಗೋಲು ಊರಿ ನಿಂತು, ಬೀದಿ ಮಕ್ಕಳ ಆಟಕ್ಕೆ ತೀರ್ಪು ಹೇಳುತ್ತಿದ್ದಳು. ಈ ಸಲ ಕೆಳಗಿನಿಂದಲೇ. ಬೈಯಲು ಹೋದವಳು ಅಲ್ಲೇ ನಿಂತು ಆಟ ನೋಡಿದೆ. ನಿನ್ನ ಹೆಂಡತಿ ನಿಂತಲ್ಲೇ ಅತ್ತಳು. ನಿನ್ನ ಮಗಳು ಹುಟ್ಟಿದಾಗಿನಿಂದ ಮೊದಲ ಸಲ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿದ್ದಳು ಕಣೋ. ಬೇಗ ಹೂಂ ಅನ್ನು.